ಕಡಲಡಿಯ ಅನಿಲ: ತೆಗೆದ ಮೇಲಷ್ಟೇ ತಿಳಿಯುವ ಲೆಕ್ಕ

ಮಂಗಳೂರಿನ ತಣ್ಣೀರುಬಾವಿಯ ಕಡೆ ಓಡಾಡಿದವರಿಗೆ ಅಲ್ಲಿ ನೀರಿನ ಮೇಲೆ ತೇಲುತ್ತ ನಿಂತಿದ್ದ ವಿದ್ಯುತ್ ಸ್ಥಾವರ ನೆನಪಿರಬಹುದು. ದೋಣಿಯಂಥ ದೊಡ್ಡ ಬಾರ್ಜುಗಳ ಮೇಲೆ ಕಟ್ಟಿದ್ದ, ಜಿಎಂಆರ್ ಸಂಸ್ಥೆಯ ಆ ಸ್ಥಾವರ 2001ರಲ್ಲಿ ಕೆಲಸ ಶುರುಮಾಡಿತು. ನಾಫ್ತಾ ಉರಿಸಿ 220 ಮೆಗಾವಾಟ್ ವಿದ್ಯುತ್ ಕೊಡುತ್ತಿತ್ತು. ಕಚ್ಚಾ ಎಣ್ಣೆಯಿಂದ ತೆಗೆಯುವ ನಾಫ್ತಾ ದುಬಾರಿ ಇಂಧನ. ರಾಜ್ಯದೊಂದಿಗಿನ ವಿದ್ಯುತ್ ಖರೀದಿ ಒಪ್ಪಂದ ಮುಗಿದ ಮೇಲೆ, 2010ರ ಹೊತ್ತಿಗೆ, ಇಡೀ ಸ್ಥಾವರವನ್ನೇ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ, ಆಂಧ್ರದ ಕಾಕಿನಾಡಕ್ಕೆ ಸಾಗಿಸಲಾಯಿತು. ಕಾಕಿನಾಡದ ಎದುರಿನ ಸಮುದ್ರದಿಂದ ಆಗಷ್ಟೇ ನೈಸರ್ಗಿಕ ಅನಿಲ ಹರಿದುಬರತೊಡಗಿತ್ತು. ನಾಫ್ತಾದ ಬದಲು ಅದನ್ನು ಉರಿಸಬಹುದು ಎಂಬುದು ಲೆಕ್ಕಾಚಾರ.

ಮೂರು ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅನಿಲವಿಲ್ಲದೆ ಆ ಸ್ಥಾವರ ನಿಂತುಹೋಯಿತು. ಅದೊಂದೇ ಅಲ್ಲ, ಅದೇ ಅನಿಲವನ್ನು ನಂಬಿ ಆಂಧ್ರದಲ್ಲಿ ಕಟ್ಟಿದ ಸ್ಥಾವರಗಳು ಸಾಲಾಗಿ ನಿಂತವು. ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲ ಬರುತ್ತದೆ ಎಂದು ಹೇಳಲಾಗಿದ್ದ ಕಡಲಡಿಯ ನಿಕ್ಷೇಪ ಒಮ್ಮೆಯೂ ಅಷ್ಟು ಕೊಡಲಿಲ್ಲ. 2010ರ ಮಾರ್ಚ್‌ನಲ್ಲಿ ಸುಮಾರು 6.9 ಕೋಟಿ ಘನ ಮೀಟರ್ ಮುಟ್ಟಿದ್ದೇ ಗರಿಷ್ಠ. ಅಲ್ಲಿಂದ ಇಳಿಯುತ್ತ ನಾಲ್ಕೇ ವರ್ಷಗಳಲ್ಲಿ ಅದರ ಐದನೇ ಒಂದು ಭಾಗದ ಆಸುಪಾಸಿಗೆ ಬಂತು.

ಹೀಗೇಕಾಯಿತು ಎಂಬ ಪ್ರಶ್ನೆಗೆ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ, ನ್ಯಾಯಾಲಯಗಳಲ್ಲಿ ಬೇಕಾದಷ್ಟು ಉತ್ತರಗಳು ಬಂದಿವೆ. ಬಹುಪಾಲು ಉತ್ತರಗಳು ಬೆಲೆ, ಒಪ್ಪಂದ, ಆರೋಪಗಳ ಸುತ್ತ ತಿರುಗುತ್ತವೆ. ಅವೆಲ್ಲ ಇರಲಿ. ಆಳ ಸಮುದ್ರದಲ್ಲಿ ಒಂದು ಅನಿಲ ನಿಕ್ಷೇಪವನ್ನು ಹೇಗೆ ಹುಡುಕುತ್ತಾರೆ, ಹೇಗೆ ಕೊರೆಯುತ್ತಾರೆ, ಅನಿಲವನ್ನು ದಡಕ್ಕೆ ಹೇಗೆ ತರುತ್ತಾರೆ ಎಂಬುದು ಗೊತ್ತಿಲ್ಲದೆ ಆ ವಾದಗಳಲ್ಲಿ ಯಾವುದಕ್ಕೆ ಎಷ್ಟು ತೂಕವಿದೆ ಎಂದು ತಿಳಿಯುವುದಿಲ್ಲ. ಹಾಗಾಗಿ ಕೆಜಿ-ಡಿ6 ಎಂದು ಹೆಸರಾದ ಈ ನಿಕ್ಷೇಪದ ಕಥೆಯನ್ನು ನೀರಿನಡಿಯಿಂದಲೇ ಹೇಳುತ್ತೇನೆ.

ಮಂಜ್ರಾದ ಮರಳು, ಗೋಬರ್ ಗ್ಯಾಸಿನ ರೀತಿ

ಕೆಜಿ ಎಂದರೆ ಕೃಷ್ಣಾ-ಗೋದಾವರಿ. ಬೀದರ್ ಜಿಲ್ಲೆಯಲ್ಲಿ ಹರಿಯುವ ಮಂಜ್ರಾ ಗೋದಾವರಿಯನ್ನು ಸೇರುತ್ತದೆ. ಭೀಮಾ, ಘಟಪ್ರಭಾ, ಮಲಪ್ರಭಾ, ತುಂಗಭದ್ರೆಯರು ಕೃಷ್ಣೆಯನ್ನು ಸೇರುತ್ತಾರೆ. ಕೋಟ್ಯಂತರ ವರ್ಷಗಳಿಂದ ಈ ನದಿಗಳು ದಖ್ಖನ್ನಿನ ಮಣ್ಣನ್ನು ಕೊಚ್ಚಿ ಒಯ್ದು ಬಂಗಾಳ ಕೊಲ್ಲಿಗೆ ಸುರಿಯುತ್ತಿವೆ. ಅಂದರೆ ನಮ್ಮ ಹೊಲಗಳ ಮೇಲಿನಿಂದ ಎಂದೋ ತೊಳೆದುಹೋದ ಮಣ್ಣಿಗೂ ಆ ಕಡಲಡಿಯ ಪದರಗಳಲ್ಲಿ ಪಾಲಿದೆ.

ನದಿ ತಂದ ಮರಳು ಮೊದಲು ದಡದ ಬಳಿಯ ಕಡಿಮೆ ಆಳದ ನೀರಿನಲ್ಲಿ ಗುಡ್ಡೆಬೀಳುತ್ತದೆ. ತೀರದಿಂದ ಸ್ವಲ್ಪ ದೂರದಲ್ಲಿ ಸಮುದ್ರತಳ ಇದ್ದಕ್ಕಿದ್ದಂತೆ ಇಳಿಜಾರಾಗುತ್ತದೆ. ಗುಡ್ಡೆ ಮಿತಿಮೀರಿದಾಗ ಅದು ಕುಸಿದು, ನೀರಿನೊಂದಿಗೆ ಬೆರೆತು, ಆ ಇಳಿಜಾರಿನ ಕಮರಿಗಳಲ್ಲಿ ಧುಮ್ಮಿಕ್ಕುತ್ತದೆ. ಮಳೆಗಾಲದಲ್ಲಿ ಘಟ್ಟದ ಗುಡ್ಡ ಜರಿದು ಕೆಸರು ಹರಿಯುವುದನ್ನು ಕಂಡವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಇದು ನಡೆಯುವುದು ಮಾತ್ರ ನೀರಿನೊಳಗೆ. ಹೀಗೆ ಹರಿದ ಮರಳು ಸಮುದ್ರತಳದಲ್ಲಿ ನದಿಯಂತೆಯೇ ಅಂಕುಡೊಂಕಾದ ಕಾಲುವೆಗಳನ್ನು ಕೊರೆದು, ಅವುಗಳಲ್ಲೇ ತುಂಬಿ ಕೂರುತ್ತದೆ. ಮೇಲೆ ಜೇಡಿ ಮಣ್ಣಿನ ಪದರ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ಕಾಲುವೆ, ಮತ್ತೆ ಜೇಡಿ.

ಮರಳಿನ ಜೊತೆ ಬಂದ ಎಲೆ, ಕಸಕಡ್ಡಿ, ಗಿಡಗಳ ಚೂರು ಆ ಕೆಸರಿನೊಳಗೆ ಗಾಳಿಯಿಲ್ಲದೆ ಹೂತುಹೋಗುತ್ತವೆ. ಅವನ್ನು ಸೂಕ್ಷ್ಮಜೀವಿಗಳು ತಿಂದು ಮೀಥೇನ್ ಬಿಡುತ್ತವೆ. ಹಿತ್ತಿಲಿನ ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಆಗುವುದೂ ಇದೇ. ಹಗುರಾದ ಅನಿಲ ಮೇಲೇರಿ, ಮರಳಿನ ಕಣಗಳ ನಡುವಿನ ಸಂದುಗಳಲ್ಲಿ ತುಂಬಿಕೊಂಡು, ಮೇಲಿನ ಜೇಡಿಯನ್ನು ದಾಟಲಾಗದೆ ನಿಲ್ಲುತ್ತದೆ. ಕೆಜಿ-ಡಿ6ನ ಮೊದಲ ದೊಡ್ಡ ನಿಕ್ಷೇಪಗಳಾದ ಡಿ1 ಮತ್ತು ಡಿ3ರಲ್ಲಿ ಇದ್ದದ್ದು ಬಹುಪಾಲು ಇಂಥ ಅನಿಲ, ಹೆಚ್ಚುಕಡಿಮೆ ಶುದ್ಧ ಮೀಥೇನ್.

ಭೂಗರ್ಭದಲ್ಲಿ ಅನಿಲದ ಕೆರೆಯೊಂದು ಖಾಲಿ ಗುಹೆಯಲ್ಲಿ ತುಂಬಿಕೊಂಡಿರುತ್ತದೆ ಎಂಬ ಚಿತ್ರ ಅನೇಕರ ಮನಸ್ಸಿನಲ್ಲಿದೆ. ಅದನ್ನು ಇಲ್ಲೇ ಬಿಟ್ಟುಬಿಡಬೇಕು. ಅಲ್ಲಿರುವುದು ಒದ್ದೆ ಮರಳು. ಅದರ ಸಂದುಗಳಲ್ಲಿ ಒಂದಿಷ್ಟು ಅನಿಲ, ಒಂದಿಷ್ಟು ನೀರು, ಎರಡೂ ಭಾರಿ ಒತ್ತಡದಲ್ಲಿ ಇರುತ್ತವೆ. ಮರಳಿನ ಕಾಲುವೆಗಳು ಒಂದಕ್ಕೊಂದು ತಾಗಿವೆಯೋ, ನಡುವೆ ಜೇಡಿಯ ಗೋಡೆಯಿದೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮಿಂಚುವ ಪಟ್ಟಿಗಳು

ಕೊಳವೆಬಾವಿ ತೆಗೆಸುವವರು ಮೊದಲು ಪಾಯಿಂಟ್ ಮಾಡಿಸುತ್ತಾರೆ. ಕಡಲಿನಲ್ಲಿ ಪಾಯಿಂಟ್ ನೋಡುವುದು ಶಬ್ದದಿಂದ. ಹಡಗೊಂದು ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್ಲುಗಳನ್ನು ಎಳೆಯುತ್ತ ಸಾಗುತ್ತದೆ. ಒತ್ತಿದ ಗಾಳಿಯನ್ನು ನೀರಿನೊಳಗೆ ಥಟ್ಟನೆ ಬಿಟ್ಟು ಸದ್ದು ಮಾಡುತ್ತದೆ. ಆ ಸದ್ದು ತಳದ ಪದರಗಳಿಗೆ ಬಡಿದು ಮರಳಿ ಬರುವುದನ್ನು ಕೇಬಲ್ಲಿನ ಉದ್ದಕ್ಕೂ ಜೋಡಿಸಿದ ಮೈಕ್‌ಗಳು ದಾಖಲಿಸುತ್ತವೆ. ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿದಾಗ ಸಮುದ್ರತಳದ ಕೆಳಗಿನ ಮೂರು ಆಯಾಮದ ಚಿತ್ರ ಮೂಡುತ್ತದೆ. ಅನಿಲ ತುಂಬಿದ ಮರಳು ಸುತ್ತಲಿನ ಪದರಕ್ಕಿಂತ ಮೆದುವಾದ್ದರಿಂದ ಅಲ್ಲಿಂದ ಬರುವ ಪ್ರತಿಧ್ವನಿ ಜೋರಾಗಿರುತ್ತದೆ. ಹಳೆಯ ನದಿಯ ಪಾತ್ರದಂಥ ಡೊಂಕು ಪಟ್ಟಿಗಳು ಚಿತ್ರದಲ್ಲಿ ಮಿಂಚುತ್ತವೆ.

ಇಲ್ಲಿ ಒಂದು ತೊಡಕಿದೆ. ಮರಳಿನ ಸಂದುಗಳಲ್ಲಿ ಅನಿಲ ಹತ್ತರಲ್ಲಿ ಒಂದು ಪಾಲಿದ್ದರೂ, ಎಂಟು ಪಾಲಿದ್ದರೂ ಪ್ರತಿಧ್ವನಿ ಹೆಚ್ಚುಕಡಿಮೆ ಒಂದೇ ರೀತಿ ಮಿಂಚುತ್ತದೆ. ಎರಡು ಪಟ್ಟಿಗಳ ನಡುವೆ ಅನಿಲ ಹರಿಯಬಲ್ಲದೇ ಎಂಬುದನ್ನೂ ಆ ಚಿತ್ರ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಕೊರೆದೇ ನೋಡಬೇಕು.

ಎಣ್ಣೆ, ಅನಿಲ ಹುಡುಕಲು ಸರ್ಕಾರ ಗುರುತಿಸಿ ಕೊಡುವ ಪ್ರದೇಶಕ್ಕೆ ಬ್ಲಾಕ್ ಎನ್ನುತ್ತಾರೆ. ಕೆಜಿ-ಡಿ6 ಎಂಬ 7,645 ಚದರ ಕಿಲೋಮೀಟರಿನ ಈ ಬ್ಲಾಕ್ ಕೇಂದ್ರ ಸರ್ಕಾರದ ಹೊಸ ಶೋಧನಾ ನೀತಿಯ ಮೊದಲ ಸುತ್ತಿನಲ್ಲಿ ರಿಲಯನ್ಸ್ ಮತ್ತು ಕೆನಡಾದ ನಿಕೋ ಕಂಪನಿಗಳಿಗೆ ಸಿಕ್ಕಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2000ದಲ್ಲಿ, ಅನಿಲ ಸಿಕ್ಕಿದ್ದು 2002ರ ಅಕ್ಟೋಬರ್‌ನಲ್ಲಿ. 2004ರ ಯೋಜನೆ ದಿನಕ್ಕೆ 4 ಕೋಟಿ ಘನ ಮೀಟರ್ ಅನಿಲಕ್ಕೆ 240 ಕೋಟಿ ಡಾಲರ್ ವೆಚ್ಚ ಹೇಳಿತ್ತು. 2006ರಲ್ಲಿ ಅದು 8 ಕೋಟಿ ಘನ ಮೀಟರಿಗೆ ಏರಿತು. ವೆಚ್ಚ 880 ಕೋಟಿ ಡಾಲರ್ ಆಯಿತು. ಹೊರತೆಗೆಯಬಹುದಾದ ಒಟ್ಟು ಅನಿಲ ಸುಮಾರು 10 ಲಕ್ಷ ಕೋಟಿ ಘನ ಅಡಿ ಎಂದು ಅಂದಾಜಾಗಿತ್ತು.

ಮಾಪನ ಮಾಡುವ ಮೊದಲೇ ಕಟ್ಟಬೇಕು

ಈ ಅಂದಾಜು ಎಷ್ಟು ನಂಬಬಹುದಾದದ್ದು? ಇದನ್ನು ಸೈಕಲ್ ಟ್ಯೂಬಿನಿಂದ ಯೋಚಿಸಿದರೆ ಸುಲಭ.

ಒಂದು ಗೋಡೆಯ ಆಚೆ ಗಾಳಿ ತುಂಬಿದ ಟ್ಯೂಬ್ ಇದೆ. ನಿಮಗೆ ಕಾಣುವುದು ಗೋಡೆಯಿಂದ ಹೊರಚಾಚಿದ ಅದರ ಬಾಯಿ ಮಾತ್ರ. ಒತ್ತಡ ಅಳೆದರೆ ಒಂದು ಅಂಕಿ ಸಿಗುತ್ತದೆ. ಆದರೆ ಸೈಕಲ್ ಟ್ಯೂಬನ್ನೂ ಲಾರಿ ಟ್ಯೂಬನ್ನೂ ಒಂದೇ ಒತ್ತಡಕ್ಕೆ ತುಂಬಿಸಬಹುದು. ಹಾಗಾಗಿ ಆ ಅಂಕಿಯಿಂದ ಆಚೆಯಿರುವುದು ಯಾವುದೆಂದು ಹೇಳಲಾಗದು. ಒಂದು ಲೀಟರ್ ಗಾಳಿ ಹೊರಬಿಡಿ, ಮತ್ತೆ ಅಳೆಯಿರಿ. ಒತ್ತಡ ಗಣನೀಯವಾಗಿ ಕುಸಿದರೆ ಆಚೆಯಿರುವುದು ಸೈಕಲ್ ಟ್ಯೂಬ್. ಕದಲದಿದ್ದರೆ ಲಾರಿಯದು.

ಅನಿಲ ನಿಕ್ಷೇಪದ ಗಾತ್ರವನ್ನು ಖಚಿತವಾಗಿ ತಿಳಿಯುವ ದಾರಿಯೂ ಇದೇ. ಇಷ್ಟು ಅನಿಲ ತೆಗೆದೆವು, ಒತ್ತಡ ಇಷ್ಟು ಇಳಿಯಿತು, ಆದ್ದರಿಂದ ಒಟ್ಟು ಇಷ್ಟಿರಬೇಕು ಎಂಬ ಲೆಕ್ಕ. ಈ ಲೆಕ್ಕಕ್ಕೆ ಗಮನಾರ್ಹ ಪ್ರಮಾಣದ ಅನಿಲವನ್ನು ಹೊರತೆಗೆದಿರಬೇಕು. ನೆಲದ ಮೇಲಾದರೆ ಒಂದು ಬಾವಿ ಕೊರೆದು, ಹತ್ತಿರದ ಕಾರ್ಖಾನೆಗೆ ಒಂದೆರಡು ವರ್ಷ ಅನಿಲ ಮಾರಿ, ಒತ್ತಡದ ನಡೆ ನೋಡಿಕೊಂಡು ಮುಂದಿನ ಬಾವಿಗೆ ಕೈಹಾಕಬಹುದು. ಆಳ ಸಮುದ್ರದಲ್ಲಿ ಅದು ಆಗುವುದಿಲ್ಲ. ಒಂದು ಬಾವಿಯ ಅನಿಲ ದಡ ಸೇರಬೇಕಾದರೂ ಸಮುದ್ರತಳದ ಕೊಳವೆ, ವೇದಿಕೆ, ದಡದ ಘಟಕ ಎಲ್ಲವೂ ಮೊದಲೇ ಇರಬೇಕು. ಅವನ್ನೆಲ್ಲ ಕಟ್ಟುವುದಕ್ಕೆ ತಗಲುವ ಹಣ ಮರಳಬೇಕಾದರೆ ದೊಡ್ಡ ಪ್ರಮಾಣದ ಅನಿಲ ಬರಲೇಬೇಕು. ಕೊಳವೆ ಎಷ್ಟು ಅಗಲವಿರಬೇಕು, ಘಟಕ ಎಷ್ಟು ದೊಡ್ಡದಿರಬೇಕು ಎಂಬುದನ್ನು ಟ್ಯೂಬಿನ ಗಾತ್ರ ತಿಳಿಯುವ ಮೊದಲೇ ನಿರ್ಧರಿಸಬೇಕು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಆಳ, ಒತ್ತಡ, ಚಳಿ ಇವಕ್ಕೆಲ್ಲ ಎಂಜಿನಿಯರುಗಳು ಉತ್ತರ ಕಂಡುಕೊಂಡಿದ್ದಾರೆ. ತಿಳಿಯುವ ಮೊದಲೇ ಕಟ್ಟಬೇಕಾದ ಈ ಅನಿವಾರ್ಯಕ್ಕೆ ಪೂರ್ತಿ ಉತ್ತರವಿಲ್ಲ.

ಕೊರೆಯುವುದು

ಎಂಜಿನಿಯರಿಂಗ್ ಸುಲಭ ಎಂದು ಇದರ ಅರ್ಥವಲ್ಲ. ಡಿ1-ಡಿ3 ಇರುವುದು ತೀರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, 600ರಿಂದ 1,200 ಮೀಟರ್ ನೀರಿನಡಿ. ಅಷ್ಟು ಆಳದಲ್ಲಿ ಕಾಲೂರಿ ನಿಲ್ಲುವ ವೇದಿಕೆ ಕಟ್ಟುವುದು ಲೆಕ್ಕಕ್ಕೆ ಬರುವುದಿಲ್ಲ. ಕೊರೆಯುವುದು ತೇಲುವ ಹಡಗಿನಿಂದ. ಅದು ಲಂಗರು ಹಾಕುವುದಿಲ್ಲ. ಉಪಗ್ರಹದ ಸಂಕೇತ ಮತ್ತು ಸಮುದ್ರತಳದಲ್ಲಿಟ್ಟ ಧ್ವನಿ ಸಾಧನಗಳಿಂದ ತನ್ನ ಜಾಗ ತಿಳಿದುಕೊಂಡು, ತಳದಲ್ಲಿರುವ ಪ್ರೊಪೆಲ್ಲರುಗಳನ್ನು ಬೇಕಾದತ್ತ ತಿರುಗಿಸುತ್ತ, ಗಾಳಿ ಅಲೆಗಳ ನಡುವೆ ಬಾವಿಯ ನೆತ್ತಿಯ ಮೇಲೇ ನಿಂತಿರುತ್ತದೆ. ಇಂಥ ಹಡಗೊಂದು 2013ರಲ್ಲಿ ನಮ್ಮ ಪೂರ್ವ ಕರಾವಳಿಯಲ್ಲಿ ಒಎನ್‌ಜಿಸಿಗಾಗಿ 3,165 ಮೀಟರ್ ಆಳದ ನೀರಿನಲ್ಲಿ ಬಾವಿ ಕೊರೆದು ಆಗಿನ ವಿಶ್ವದಾಖಲೆ ಮಾಡಿತು.

ಹಡಗಿನಿಂದ ಸಮುದ್ರತಳದವರೆಗೆ ಒಂದು ದಪ್ಪ ಕೊಳವೆ ಇಳಿಬಿಡುತ್ತಾರೆ. ಅದರೊಳಗೆ ತಿರುಗುವ ಕೊರೆಕೊಳವೆ, ತುದಿಯಲ್ಲಿ ಬಿಟ್. ಕೊರೆಕೊಳವೆಯ ಒಳಗಿಂದ ವಿಶೇಷ ಕೆಸರನ್ನು ಕೆಳಕ್ಕೆ ಪಂಪ್ ಮಾಡುತ್ತಾರೆ. ಅದು ಬಿಟ್ ಕಡಿದ ಪುಡಿಯನ್ನು ಹೊತ್ತು ಹೊರಗಿನ ಕೊಳವೆಯ ಮೂಲಕ ಮೇಲೆ ಬರುತ್ತದೆ. ಕೆಸರಿಗೆ ಪುಡಿ ಹೊರುವುದಕ್ಕಿಂತ ದೊಡ್ಡ ಕೆಲಸವೊಂದಿದೆ. ತನ್ನ ಭಾರದಿಂದಲೇ ಅದು ಕೆಳಗಿನ ಅನಿಲವನ್ನು ಅದುಮಿಡಬೇಕು. ಕೆಸರು ಹಗುರಾದರೆ ಅನಿಲ ಬಾವಿಯೊಳಗೆ ನುಗ್ಗುತ್ತದೆ. ಭಾರವಾದರೆ ಸುತ್ತಲಿನ ಪದರವೇ ಬಿರಿದು, ಕೆಸರು ಆ ಬಿರುಕಿನಲ್ಲಿ ಸೋರಿಹೋಗುತ್ತದೆ.

ನೆಲದ ಮೇಲೆ ಈ ಎರಡು ಮಿತಿಗಳ ನಡುವೆ ಸಾಕಷ್ಟು ಅಂತರವಿರುತ್ತದೆ. ಆಳ ಸಮುದ್ರದಲ್ಲಿ ಅದು ಕಿರಿದಾಗುತ್ತದೆ. ಕಾರಣ ಸರಳ: ನೆಲದಲ್ಲಿ 2,000 ಮೀಟರ್ ಕೆಳಗಿನ ಪದರದ ಮೇಲೆ 2,000 ಮೀಟರ್ ಬಂಡೆಯ ಭಾರವಿರುತ್ತದೆ. ಅದರಿಂದ ಪದರ ಗಟ್ಟಿಯಾಗಿ ಬಿಗಿದುಕೊಂಡಿರುತ್ತದೆ. ಕಡಲಿನಲ್ಲಿ ಅದೇ 2,000 ಮೀಟರಿನಲ್ಲಿ ಅರ್ಧ ಬರೀ ನೀರು. ಬಂಡೆಯ ಅರೆಪಾಲಿಗಿಂತ ಕಡಿಮೆ ಭಾರದ ನೀರು. ಕೆಳಗಿನ ಮಣ್ಣು ಸಡಿಲ, ಬೇಗ ಬಿರಿಯುತ್ತದೆ. ಆದರೆ ಕೊಳವೆಯೊಳಗಿನ ಕೆಸರಿನ ಕಂಬ ಹಡಗಿನಿಂದಲೇ ಶುರುವಾಗಿ ಪೂರ್ತಿ ಉದ್ದಕ್ಕೂ ಒತ್ತುತ್ತಿರುತ್ತದೆ. ಹಾಗಾಗಿ ಸ್ವಲ್ಪ ದೂರ ಕೊರೆಯುವುದು, ಉಕ್ಕಿನ ಕೇಸಿಂಗ್ ಇಳಿಸಿ ಸುತ್ತ ಸಿಮೆಂಟ್ ತುಂಬುವುದು, ಅದರೊಳಗಿಂದ ಇನ್ನೂ ಸಣ್ಣ ಬಿಟ್ಟಿನಿಂದ ಮತ್ತೆ ಕೊರೆಯುವುದು. ನಮ್ಮ ಕೊಳವೆಬಾವಿಯಲ್ಲಿ ಮೇಲ್ಮಣ್ಣು ದಾಟುವವರೆಗೆ ಒಂದೇ ಕೇಸಿಂಗ್ ಸಾಕು. ಇಲ್ಲಿ ಒಂದರೊಳಗೊಂದರಂತೆ ಹಲವು ಕೇಸಿಂಗ್‌ಗಳು ಇಳಿಯುತ್ತವೆ.

ಎಲ್ಲ ತಪ್ಪಿದರೆ ಕೊನೆಯ ಕಾವಲಾಗಿ ಬಾವಿಯ ಬಾಯಲ್ಲಿ, ಸಮುದ್ರತಳದಲ್ಲಿ, ನೂರಾರು ಟನ್ ತೂಕದ ವಾಲ್ವ್‌ಗಳ ಗೋಪುರವಿರುತ್ತದೆ. ಅದರ ಉಕ್ಕಿನ ದವಡೆಗಳು ಕೊರೆಕೊಳವೆಯನ್ನೇ ಕತ್ತರಿಸಿ ಬಾವಿ ಮುಚ್ಚಬೇಕು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿದಾಗ ಆ ಕಾವಲು ಕೈಕೊಟ್ಟಿತು. ಹನ್ನೊಂದು ಕೆಲಸಗಾರರು ಸತ್ತರು. ಎಣ್ಣೆ 87 ದಿನ ಹರಿಯಿತು.

ಕೊಳವೆ ಕಟ್ಟಿಕೊಳ್ಳುವ ಉರಿಯುವ ಮಂಜು

ಬಾವಿ ಸಿದ್ಧವಾದ ಮೇಲೆ ಅದರ ಬಾಯಿಗೆ ವಾಲ್ವ್‌ಗಳ ಜೋಡಣೆಯೊಂದನ್ನು ಕೂರಿಸುತ್ತಾರೆ. ಕೊಂಬೆಗಳಂತೆ ಚಾಚಿದ ಆಕಾರದಿಂದ ಅದಕ್ಕೆ ಕ್ರಿಸ್‌ಮಸ್ ಮರ ಎಂಬ ಹೆಸರು ಜಗತ್ತಿನಾದ್ಯಂತ ನಿಂತುಬಿಟ್ಟಿದೆ. ಡಿ1-ಡಿ3ರಲ್ಲಿ ಇಂಥ 18 ಬಾವಿಗಳ ಅನಿಲ ಸಮುದ್ರತಳದ ಸಂಗ್ರಹ ಕೇಂದ್ರಗಳಿಗೆ ಬಂದು, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಹರಿಯುತ್ತಿತ್ತು. ವಾಲ್ವ್ ತೆರೆಯುವ ಒತ್ತಡದ ದ್ರವ, ವಿದ್ಯುತ್, ಸಂಕೇತದ ತಂತಿ, ರಾಸಾಯನಿಕ ಎಲ್ಲವೂ ಒಂದೇ ಕಟ್ಟಿನಲ್ಲಿ ಮೇಲಿನಿಂದ ಹೋಗುತ್ತವೆ. ಅದನ್ನು ಹೊಕ್ಕುಳಬಳ್ಳಿ ಎನ್ನುತ್ತಾರೆ. ಅದು ತುಂಡಾದರೆ ಬಾವಿ ತಾನಾಗಿಯೇ ಮುಚ್ಚಿಕೊಳ್ಳುವಂತೆ ಮಾಡಿರುತ್ತಾರೆ.

ಅಲ್ಲಿಗೆ ಮನುಷ್ಯ ಇಳಿಯುವಂತಿಲ್ಲ. ಪ್ರತಿ ಹತ್ತು ಮೀಟರ್ ಆಳಕ್ಕೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋ ಭಾರ ಸೇರುತ್ತದೆ. 2,000 ಮೀಟರಿನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ನಾಲ್ಕು ಮೂಟೆ ಅಕ್ಕಿ ಹೇರಿದಷ್ಟು. ನಟ್ಟು ಬಿಗಿಯುವುದು, ಕೇಬಲ್ ಜೋಡಿಸುವುದು, ಸೋರಿಕೆ ನೋಡುವುದು ಎಲ್ಲ ಹಡಗಿನಿಂದ ಕೇಬಲ್ ಮೂಲಕ ನಡೆಸುವ ರೋಬಾಟ್‌ಗಳ ಕೆಲಸ.

ಒತ್ತಡಕ್ಕಿಂತ ಹೆಚ್ಚು ಕಾಡುವುದು ಚಳಿ. ಮೇಲೆ ಬಂಗಾಳ ಕೊಲ್ಲಿಯ ನೀರು ಬೆಚ್ಚಗಿದ್ದರೂ ಆಳದಲ್ಲಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ, ಇನ್ನೂ ಆಳದಲ್ಲಿ ಅದಕ್ಕಿಂತ ಕಡಿಮೆ. ಬಾವಿಯಿಂದ ಬರುವ ಅನಿಲದೊಂದಿಗೆ ನೀರಿನ ಆವಿಯೂ ಹನಿಗಳೂ ಇರುತ್ತವೆ. ಹೆಚ್ಚಿನ ಒತ್ತಡದಲ್ಲಿ ಮೀಥೇನ್ ಮತ್ತು ನೀರು ಹೀಗೆ ತಣ್ಣಗಾದಾಗ ವಿಚಿತ್ರವೊಂದು ನಡೆಯುತ್ತದೆ. ನೀರಿನ ಅಣುಗಳು ಪಂಜರದಂತೆ ಜೋಡಿಕೊಂಡು ಮೀಥೇನ್ ಅಣುವನ್ನು ಒಳಗೆ ಹಿಡಿದಿಡುತ್ತವೆ. ನೋಡಲು ಮಂಜುಗಡ್ಡೆಯಂತೆಯೇ ಇರುವ ಬಿಳಿಯ ಘನ ಉಂಟಾಗುತ್ತದೆ. ಅದೇ ಹೈಡ್ರೇಟ್. ಶೂನ್ಯ ಡಿಗ್ರಿಗಿಂತ ಸಾಕಷ್ಟು ಮೇಲೆಯೇ ಅದು ಗಟ್ಟಿಯಾಗಿ ನಿಲ್ಲುತ್ತದೆ. ಮೇಲೆ ತಂದು ಕಡ್ಡಿ ಗೀರಿದರೆ ಉರಿಯುತ್ತದೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ 160 ಘನ ಮೀಟರಿಗೂ ಹೆಚ್ಚು ಅನಿಲ ಹೊರಬರುತ್ತದೆ. ಕೆಜಿ ಪ್ರದೇಶದ ಸಮುದ್ರತಳದಲ್ಲೇ ತಾನಾಗಿ ರೂಪುಗೊಂಡ ಇಂಥ ಹೈಡ್ರೇಟಿನ ದಪ್ಪ ಪದರ 2006ರ ರಾಷ್ಟ್ರೀಯ ಶೋಧಯಾನದಲ್ಲಿ ಸಿಕ್ಕಿತು.

ಇದು ಕೊಳವೆಯೊಳಗೆ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನು ಲೋಕವೇ ಕಂಡದ್ದು ಮೆಕ್ಸಿಕೋ ಕೊಲ್ಲಿಯ ಅದೇ ದುರಂತದಲ್ಲಿ. ಹರಿಯುತ್ತಿದ್ದ ಎಣ್ಣೆಯನ್ನು ಹಿಡಿಯಲು 2010ರ ಮೇ ತಿಂಗಳ ಮೊದಲ ವಾರ ಉಕ್ಕಿನ ದೊಡ್ಡ ಗೂಡನ್ನು ಸುಮಾರು 1,500 ಮೀಟರ್ ಆಳಕ್ಕೆ ಇಳಿಸಿದರು. ಸೋರಿಕೆಯ ಮೇಲೆ ಅದನ್ನು ಬೋರಲು ಹಾಕಿ, ನೆತ್ತಿಯ ತೂತಿನಿಂದ ಎಣ್ಣೆಯನ್ನು ಮೇಲೆಳೆಯುವುದು ಯೋಜನೆ. ಎಣ್ಣೆಯೊಂದಿಗೆ ಬರುತ್ತಿದ್ದ ಅನಿಲ ತಣ್ಣನೆಯ ನೀರು ತಾಗಿದ ಕೂಡಲೇ ಹೈಡ್ರೇಟ್ ಆಯಿತು. ಗೂಡಿನ ಒಳಗೋಡೆಗೆಲ್ಲ ಹೆಪ್ಪುಗಟ್ಟಿ ತೂತನ್ನು ಮುಚ್ಚಿತು. ಹೈಡ್ರೇಟ್ ನೀರಿಗಿಂತ ಹಗುರವಾದ್ದರಿಂದ ಆ ಉಕ್ಕಿನ ಗೂಡೇ ತೇಲಲು ಹವಣಿಸಿತು. ಕೊನೆಗೆ ಅದನ್ನು ಪಕ್ಕಕ್ಕೆ ಸರಿಸಿ ಬೇರೆ ದಾರಿ ಹುಡುಕಬೇಕಾಯಿತು.

ಅನಿಲ ಹರಿಯುವ ಕೊಳವೆಯಲ್ಲಿ ಇದನ್ನು ತಡೆಯಲು ಗ್ಲೈಕಾಲ್ ಬಳಸುತ್ತಾರೆ. ಕಾರಿನ ರೇಡಿಯೇಟರಿನಲ್ಲಿ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವವೇ ಇದು. ದಡದಿಂದ ಗ್ಲೈಕಾಲನ್ನು ಕಡಲಡಿಗೆ ಕಳುಹಿಸಿ, ಬಾವಿಯ ಬಾಯಲ್ಲೇ ಅನಿಲಕ್ಕೆ ಬೆರೆಸುತ್ತಾರೆ. ಅದು ನೀರಿನೊಂದಿಗೆ ಸೇರಿಕೊಂಡು ಪಂಜರ ಕಟ್ಟಲು ಬಿಡುವುದಿಲ್ಲ. ದಡ ತಲುಪಿದ ಮೇಲೆ ಕಾಯಿಸಿ ನೀರನ್ನು ಆವಿ ಮಾಡಿ, ಗ್ಲೈಕಾಲನ್ನು ಮತ್ತೆ ಕಡಲಿಗೆ ಕಳುಹಿಸುತ್ತಾರೆ. ಬಾವಿಯಲ್ಲಿ ನೀರು ಹೆಚ್ಚು ಬರತೊಡಗಿದಷ್ಟೂ ಗ್ಲೈಕಾಲ್ ಹೆಚ್ಚು ಬೇಕು. ಈ ಮಾತು ಮುಂದೆ ಬೇಕಾಗುತ್ತದೆ.

ಗಾಡಿಮೊಗದಿಂದ ಬೀದರಿನತ್ತ

ಆಳದಿಂದ ಬಂದ ಅನಿಲ, ಸುಮಾರು 100 ಮೀಟರ್ ನೀರಿನಲ್ಲಿ ಕಾಲೂರಿ ನಿಂತ ನಿಯಂತ್ರಣ ವೇದಿಕೆಯನ್ನು ಹಾದು, ಕಾಕಿನಾಡದ ಬಳಿಯ ಗಾಡಿಮೊಗದ ಘಟಕಕ್ಕೆ ಸೇರುತ್ತಿತ್ತು. ಅಲ್ಲಿ ನೀರು ಬೇರ್ಪಡಿಸಿ ಒಣಗಿಸಿದ ಅನಿಲ ಗುಜರಾತಿನ ಭರೂಚ್‌ವರೆಗಿನ ಸುಮಾರು 1,400 ಕಿಲೋಮೀಟರಿನ ಕೊಳವೆಗೆ ಹೋಗುತ್ತದೆ. ಆಂಧ್ರ, ತೆಲಂಗಾಣ ದಾಟಿ, ನಮ್ಮ ಬೀದರ್ ಜಿಲ್ಲೆಯ ನೆಲದಡಿ ಹಾದು, ಮಹಾರಾಷ್ಟ್ರದ ಮೂಲಕ ಸಾಗುವ ಕೊಳವೆ ಅದು. ಮಂಜ್ರಾ ಹೊತ್ತೊಯ್ದ ಮಣ್ಣಿನ ಸಾರ ಅನಿಲವಾಗಿ ಮಂಜ್ರಾದ ಜಿಲ್ಲೆಯನ್ನೇ ಹಾದುಹೋಗುತ್ತದೆ ಎಂಬ ಯೋಚನೆ ನನ್ನನ್ನು ಆಗಾಗ ಹಿಡಿದು ನಿಲ್ಲಿಸುತ್ತದೆ.

2009ರ ಏಪ್ರಿಲ್ ಮೊದಲ ವಾರ ಡಿ1-ಡಿ3ರ ಅನಿಲ ದಡ ಮುಟ್ಟಿತು. ಅನಿಲ ಕಂಡುಹಿಡಿದ ಏಳನೇ ವರ್ಷದೊಳಗೆ ಇಷ್ಟು ಕಟ್ಟಿ ಮುಗಿಸಿದ್ದು ಆಳ ಸಮುದ್ರದ ಲೆಕ್ಕದಲ್ಲಿ ನಿಜಕ್ಕೂ ವೇಗದ ಕೆಲಸ, ಅದನ್ನು ಮೆಚ್ಚಲೇಬೇಕು. ಯೂರಿಯಾ ಕಾರ್ಖಾನೆಗಳಿಗೆ ಮೊದಲ ಪಾಲು, ಅಡುಗೆ ಅನಿಲದ ಘಟಕಗಳಿಗೆ, ವಿದ್ಯುತ್ತಿಗೆ ನಂತರದ ಪಾಲು ಎಂದು ಸರ್ಕಾರ ಹಂಚಿಕೆ ಮಾಡಿತು. ದರ ಹತ್ತು ಲಕ್ಷ ಬ್ರಿಟಿಷ್ ಉಷ್ಣ ಘಟಕಕ್ಕೆ 4.20 ಡಾಲರ್. ಈ ದರದ ಮೇಲೆ ಅಂಬಾನಿ ಸಹೋದರರ ನಡುವೆ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2010ರ ಮೇ 7ರಂದು ತೀರ್ಪಾಯಿತು. ದೇಶದ ಗಮನವೆಲ್ಲ ಆ ತೀರ್ಪಿನ ಮೇಲಿದ್ದಾಗ ಕಡಲಡಿಯ ಮಾಪಕಗಳು ಬೇರೆಯದನ್ನು ಹೇಳುತ್ತಿದ್ದವು.

ಟ್ಯೂಬ್ ಸಣ್ಣದಿತ್ತು

ಅನಿಲ ಹೊರಬರುತ್ತಿದ್ದಂತೆ ಒತ್ತಡ ಅಂದುಕೊಂಡಿದ್ದಕ್ಕಿಂತ ವೇಗವಾಗಿ ಇಳಿಯಿತು. ಜೊತೆಗೆ ಬಾವಿಗಳಲ್ಲಿ ನೀರು ಕಾಣಿಸಿಕೊಂಡಿತು, ಹಿಂದೆಯೇ ಮರಳು. ಒತ್ತಡ ಇಳಿದಾಗ ಕೆಳಗಿನ ನೀರು ಮೇಲೇರುತ್ತದೆ. ನೀರಿನ ಕಂಬ ಬಾವಿಯಲ್ಲಿ ನಿಂತರೆ ಬಲಗುಂದಿದ ಅನಿಲಕ್ಕೆ ಅದನ್ನು ತಳ್ಳಿಕೊಂಡು ಬರಲಾಗುವುದಿಲ್ಲ. ಬರುವ ಅಷ್ಟಕ್ಕೂ ಹೆಚ್ಚು ಗ್ಲೈಕಾಲ್ ಬೇಕು. ಡಿ1-ಡಿ3ರ ಮರಳು ಭೂಗರ್ಭದ ಲೆಕ್ಕದಲ್ಲಿ ತೀರಾ ಎಳೆಯದು, ಕಲ್ಲಾಗಿ ಬಿಗಿದುಕೊಂಡಿಲ್ಲದ್ದು. ಸಡಿಲ ಮರಳು ಅನಿಲದೊಂದಿಗೆ ಹೊರಟರೆ ವಾಲ್ವ್‌ಗಳನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಒಂದರ ಹಿಂದೊಂದು ಬಾವಿಗಳನ್ನು ಮುಚ್ಚಬೇಕಾಯಿತು. ಹೊರತೆಗೆಯಬಹುದಾದ ಅನಿಲದ ಅಂದಾಜು 2012ರಲ್ಲಿ ಹತ್ತರಿಂದ ಸುಮಾರು ಮೂರು ಲಕ್ಷ ಕೋಟಿ ಘನ ಅಡಿಗೆ ಇಳಿಯಿತು.

ತಪ್ಪು ಯಾರದು? ಒಪ್ಪಿಕೊಂಡ 31 ಬಾವಿಗಳಲ್ಲಿ 22 ಮಾತ್ರ ಕೊರೆದು, 18ನ್ನು ಮಾತ್ರ ಜೋಡಿಸಿದ್ದರಿಂದ ಉತ್ಪಾದನೆ ಕುಸಿಯಿತು ಎಂಬುದು ಸರ್ಕಾರದ ವಾದ. ಆ ಆಧಾರದ ಮೇಲೆ ಕಂಪನಿಯು ಅನಿಲ ಮಾರಿದ ಹಣದಿಂದ ಹಿಂಪಡೆಯಬಹುದಾಗಿದ್ದ ನೂರಾರು ಕೋಟಿ ಡಾಲರ್ ವೆಚ್ಚವನ್ನು ಸರ್ಕಾರ ತಡೆಹಿಡಿಯಿತು. ನಿಕ್ಷೇಪವೇ ಅಂದುಕೊಂಡಂತಿರಲಿಲ್ಲ, ಇನ್ನಷ್ಟು ಬಾವಿ ಕೊರೆದಿದ್ದರೂ ಹಣ ಹಾಳಾಗುತ್ತಿತ್ತು ಎಂಬುದು ಕಂಪನಿಯ ವಾದ. ವಿಷಯ ಮಧ್ಯಸ್ಥಿಕೆಗೆ ಹೋಯಿತು. ಕಾಲುವೆಗಳ ನಡುವೆ ಜೇಡಿಯ ಗೋಡೆಗಳಿದ್ದರೆ ಬಾವಿ ಮುಟ್ಟದ ಮರಳಿನಲ್ಲಿ ಅನಿಲ ಉಳಿದಿರುತ್ತದೆ, ಆಗ ಮೊದಲ ವಾದಕ್ಕೆ ಬಲ. ಕಾಲುವೆಗಳು ಸೇರಿಕೊಂಡಿದ್ದು ಒಟ್ಟು ಅನಿಲವೇ ಕಡಿಮೆಯಿದ್ದರೆ ಎರಡನೆಯದಕ್ಕೆ. ಆದರೆ ಒಂದು ಮಾತನ್ನು ನಾನು ಹಿಂಜರಿಯದೆ ಹೇಳುತ್ತೇನೆ. ಇಷ್ಟು ಕಡಿಮೆ ಬಾವಿಗಳ ಮಾಹಿತಿಯಿಂದ ಹೊರಟ ಅಂದಾಜನ್ನು ಖಚಿತ ಭರವಸೆಯೆಂಬಂತೆ ಸಾರಿದ್ದು, ಅದನ್ನು ನಂಬಿ ಸ್ಥಾವರಗಳನ್ನು ಕಟ್ಟಿಸಿದ್ದು ದೊಡ್ಡ ತಪ್ಪು. ಅಂದಾಜಿನ ಜೊತೆಗೆ ಅದರ ಅನಿಶ್ಚಿತತೆಯನ್ನೂ ಹೇಳಬೇಕಿತ್ತು. ತಣ್ಣೀರುಬಾವಿಯಿಂದ ಹೊರಟ ಆ ಸ್ಥಾವರದಂಥವಕ್ಕೆ ತಿಳಿಯಬೇಕಿದ್ದದ್ದು ಅದೇ.

ಪಕ್ಕದ ಒಎನ್‌ಜಿಸಿ ಬ್ಲಾಕಿನ ಅನಿಲವೂ ಈ ಬಾವಿಗಳ ಕಡೆ ಹರಿದುಬಂತೆಂಬ ಇನ್ನೊಂದು ವ್ಯಾಜ್ಯವಿದೆ. ಪಕ್ಕದ ತೋಟದವನು ಆಳದ ಬೋರ್ ಹಾಕಿಸಿದಾಗ ನಮ್ಮ ಬಾವಿ ಬತ್ತುವ ಅನುಭವ ರೈತರಿಗೆ ಹೊಸದಲ್ಲ. ನಕ್ಷೆಯ ಗೆರೆ ಅನಿಲವನ್ನು ತಡೆಯುವುದಿಲ್ಲ. 2018ರಲ್ಲಿ ಮಧ್ಯಸ್ಥಿಕೆಯ ತೀರ್ಪು ರಿಲಯನ್ಸ್ ಕೂಟದ ಪರ ಬಂತು. 2025ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ರದ್ದುಮಾಡಿತು.

ಎರಡನೇ ಸುತ್ತು

2020ರ ಫೆಬ್ರುವರಿಯಲ್ಲಿ ಡಿ1-ಡಿ3 ಪೂರ್ತಿ ನಿಂತಿತು. ಕಟ್ಟಿದ್ದು ಮಾತ್ರ ವ್ಯರ್ಥವಾಗಲಿಲ್ಲ. 2011ರಲ್ಲಿ ಪಾಲುದಾರನಾಗಿ ಬಂದ ಬಿಪಿ ಕಂಪನಿಯೊಂದಿಗೆ ಸೇರಿ, ಅದೇ ಬ್ಲಾಕಿನ ಉಳಿದ ನಿಕ್ಷೇಪಗಳನ್ನು ಹಳೆಯ ವೇದಿಕೆ, ಕೊಳವೆ, ದಡದ ಘಟಕಗಳಿಗೆ ಜೋಡಿಸುವ ಕೆಲಸಕ್ಕೆ ಸುಮಾರು 500 ಕೋಟಿ ಡಾಲರ್ ಹೂಡಿದರು. ಆರ್ ಕ್ಲಸ್ಟರ್ 2020ರ ಡಿಸೆಂಬರ್‌ನಲ್ಲಿ ಶುರುವಾಯಿತು. 2,000 ಮೀಟರಿಗೂ ಹೆಚ್ಚು ಆಳದ ನೀರಿನಡಿಯಿರುವ, ಏಷ್ಯಾದಲ್ಲೇ ಅತಿ ಆಳದ ಕಡಲ ಅನಿಲ ಕ್ಷೇತ್ರ ಅದು. ಅಲ್ಲಿನ ಅನಿಲ ಹಳೆಯ ವೇದಿಕೆ ತಲುಪಲು ಸುಮಾರು 60 ಕಿಲೋಮೀಟರ್ ಚಳಿಯಲ್ಲಿ ಹರಿಯಬೇಕು. ಸ್ಯಾಟಲೈಟ್ ಕ್ಲಸ್ಟರ್ 2021ರ ಏಪ್ರಿಲ್‌ನಲ್ಲಿ ಐದು ಬಾವಿಗಳೊಂದಿಗೆ ಸೇರಿಕೊಂಡಿತು.

ಮೂರನೆಯದಾದ ಎಂಜೆ ಇವೆಲ್ಲಕ್ಕಿಂತ ಕುತೂಹಲದ್ದು. ಅದು ಇರುವುದು ಖಾಲಿಯಾದ ಡಿ1-ಡಿ3ರ ನೇರ ಕೆಳಗೆ, ಇನ್ನೂ 2,000 ಮೀಟರಿಗೂ ಹೆಚ್ಚು ಆಳದಲ್ಲಿ. ಡೈನೋಸಾರ್‌ಗಳ ಕಾಲದ ಹಳೆಯ ಕಲ್ಲು, ಹೆಚ್ಚಿನ ಬಿಸಿ, ಹೆಚ್ಚಿನ ಒತ್ತಡ. ಅಲ್ಲಿನ ಅನಿಲದೊಂದಿಗೆ ಪೆಟ್ರೋಲಿನಂಥ ತೆಳು ಎಣ್ಣೆಯೂ ಬರುತ್ತದೆ. ಅದನ್ನು ಬೇರ್ಪಡಿಸಲು ರೂಬಿ ಎಂಬ ತೇಲುವ ಘಟಕವನ್ನು ಅಲ್ಲೇ ನಿಲ್ಲಿಸಿದ್ದಾರೆ. 2023ರಲ್ಲಿ ಎಂಜೆ ಶುರುವಾದ ಮೇಲೆ ಬ್ಲಾಕಿನ ಒಟ್ಟು ಉತ್ಪಾದನೆ ದಿನಕ್ಕೆ 3 ಕೋಟಿ ಘನ ಮೀಟರಿನ ಹತ್ತಿರ ಬಂತು. ಆಗ ದೇಶದಲ್ಲಿ ತೆಗೆಯುತ್ತಿದ್ದ ಅನಿಲದ ಸುಮಾರು ಮೂರನೇ ಒಂದು ಭಾಗ ಅದು.

ಬತ್ತಿದ ಬಾವಿಗಳ ಜವಾಬ್ದಾರಿ ಬತ್ತಿದ ದಿನಕ್ಕೆ ಮುಗಿಯುವುದಿಲ್ಲ. ಪ್ರತಿಯೊಂದಕ್ಕೂ ಮತ್ತೆ ಹಡಗು ತಂದು, ಒಳಗೆ ಸಿಮೆಂಟಿನ ಉದ್ದನೆಯ ಬಿರಡೆಗಳನ್ನು ಕೂರಿಸಿ, ಅನಿಲವಾಗಲಿ ನೀರಾಗಲಿ ಮೇಲೆ ಬಾರದಂತೆ ಶಾಶ್ವತವಾಗಿ ಮುಚ್ಚಬೇಕು. ಅದಕ್ಕೆಂದೇ ಹಣ ತೆಗೆದಿಡುವ ನಿವೇಶನ ಪುನಃಸ್ಥಾಪನಾ ನಿಧಿಯ ಯೋಜನೆ 1999ರಿಂದ ಇದೆ. ಕೊರೆಯುವಾಗಿನ ಎಚ್ಚರವೇ ಮುಚ್ಚುವಾಗಲೂ ಬೇಕು.

ಈಗ ಹರಿಯುತ್ತಿರುವ ಬಾವಿಗಳ ಬಾಯಲ್ಲಿ ಒತ್ತಡದ ಮಾಪಕಗಳು ಕುಳಿತಿವೆ. ಅವುಗಳ ಅಂಕಿ ಹೊಕ್ಕುಳಬಳ್ಳಿಯ ಮೂಲಕ ಹಗಲು ರಾತ್ರಿ ಮೇಲೆ ಬರುತ್ತಿರುತ್ತದೆ. ತೆಗೆದ ಅನಿಲ ಒಂದು ಕಡೆ, ಇಳಿದ ಒತ್ತಡ ಇನ್ನೊಂದು ಕಡೆ ಬರೆದು, ಗೆರೆ ಎಳೆದು, ಅದು ಎಲ್ಲಿ ಶೂನ್ಯ ಮುಟ್ಟುತ್ತದೆ ಎಂದು ನೋಡುತ್ತಾರೆ. ಮುಂದಿನ ಬಾವಿ ಎಲ್ಲಿ ಕೊರೆಯಬೇಕು, ಕೊರೆಯಬೇಕೋ ಬೇಡವೋ ಎಂಬುದನ್ನು ಆ ಗೆರೆ ಹೇಳುತ್ತದೆ. ಹೊಸ ಅಂಕಿ ಬಂದಾಗಲೆಲ್ಲ ಗೆರೆಯನ್ನು ಮತ್ತೆ ಎಳೆಯಬೇಕಾಗುತ್ತದೆ.